ಬರಿದನ್ನು ತೂಗುವ ಪೆಟ್ಟಿಗೆ

ಕಕ್ಕಡ ತಿಂಗಳ ಮಳೆ ಮನುಷ್ಯನನ್ನು ಹೊರಗೆ ಹೋಗಲು ಬಿಡುವುದಿಲ್ಲ, ಒಳಗೆ ಸುಮ್ಮನೆ ಕೂರಲೂ ಬಿಡುವುದಿಲ್ಲ. ಹೆಂಚಿನ ಮೇಲೆ ಹಗಲಿರುಳು ಒಂದೇ ಸಮನೆ ಸುರಿಯುವ ಆ ಸದ್ದಿನಡಿಯಲ್ಲಿ ಕೈಗೆ ಏನಾದರೊಂದು ಕೆಲಸ ಬೇಕು. ಕೊಡಗಿನಲ್ಲಿ ಕೆಲವರು ಈ ತಿಂಗಳು ಗದ್ದೆಯ ಬದುವಿನಲ್ಲಿ ಏಡಿ ಹಿಡಿಯುತ್ತಾರೆ, ಕೆಲವರು ಕಣಿಲೆ ಮುರಿಯಲು ಹೋಗುತ್ತಾರೆ, ಇನ್ನು ಕೆಲವರು ಅಣಬೆ ಏಳುವ ಜಾಗವನ್ನು ಯಾರಿಗೂ ಹೇಳದೆ ನಸುಕಿನಲ್ಲೇ ಮನೆ ಬಿಡುತ್ತಾರೆ. ನಾನು ಒಂದು ಕಕ್ಕಡವನ್ನು ಪೂರ್ತಿಯಾಗಿ ಒಂದು ಪೆಟ್ಟಿಗೆ ಕಟ್ಟುವುದರಲ್ಲಿ ಕಳೆದೆ. ಗಾಜಿನ ಬುರುಡೆಯೊಂದರೊಳಗಿನ ಬರಿದು ಇನ್ನೂ ಬರಿದಾಗಿಯೇ ಇದೆಯೇ ಎಂದು ಕೇಳುವುದಷ್ಟೇ ಆ ಪೆಟ್ಟಿಗೆಯ ಕೆಲಸ.

ಬುರುಡೆ ಬಂದದ್ದು ಪಕ್ಕದ ತೋಟದ ಮಾವನ ಅಟ್ಟದಿಂದ. ಸೈನ್ಯದ ಸಿಗ್ನಲ್ಸ್ ದಳದಲ್ಲಿದ್ದು ನಿವೃತ್ತರಾದವರು ಅವರು. ಒಂದು ಮಧ್ಯಾಹ್ನ ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು, ಹಳೆಯ ಬಿಸ್ಕತ್ತಿನ ಡಬ್ಬವೊಂದನ್ನು ಮೇಜಿನ ಮೇಲೆ ಇಳಿಸಿದರು. ಭತ್ತದ ಹೊಟ್ಟಿನ ನಡುವೆ ಹಳೆ ಬನಿಯನ್ನಿನಲ್ಲಿ ಸುತ್ತಿದ ಒಂದು ವಾಲ್ವ್. ಸುಮಾರು ಏಳೂವರೆ ಇಂಚು ಎತ್ತರ, ಬುಡದಲ್ಲಿ ಏಳು ದಪ್ಪ ಕಾಲು, ನೆತ್ತಿಯ ಮೇಲೊಂದು ಲೋಹದ ಟೊಪ್ಪಿ. ಮೈಮೇಲೆ ಅರ್ಧ ಅಳಿಸಿಹೋದ ಮೂರು ಅಂಕಿ: 813.

“ಇದರಲ್ಲಿ ಜೀವ ಉಂಟಾ ನೋಡಿ ಹೇಳು” ಎಂದರು.

“ಹೇಗೆ ನೋಡೋದು ಮಾವ? ರೇಡಿಯೊ ರಿಪೇರಿಯವರ ಟೆಸ್ಟರಿನಲ್ಲಿ ಇದು ಕೂರುವುದೇ ಇಲ್ಲ.”

“ಕೂರುವಂಥದ್ದು ನೀನೇ ಮಾಡು. ಮಳೆ ಹೇಗೂ ನಿಲ್ಲುವುದಿಲ್ಲ.”

ಹೇಳಿ, ಕಾಫಿ ಕುಡಿದು ಹೊರಟುಹೋದರು. ವಾಲ್ವ್ ಮೇಜಿನ ಮೇಲೆ ಉಳಿಯಿತು. ಅದನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದೆ. ಒಳಗೆ ಫಿಲಮೆಂಟಿನ ತಂತಿ ತುಂಡಾಗಿರಲಿಲ್ಲ. ಗಾಜು ಬಿರುಕು ಬಿಟ್ಟಿರಲಿಲ್ಲ. ಕಣ್ಣಿಗೆ ಎಲ್ಲವೂ ಸರಿ. ಆದರೆ ವಾಲ್ವಿನ ವಿಷಯದಲ್ಲಿ ಕಣ್ಣಿನ ಸಾಕ್ಷಿ ನಡೆಯುವುದಿಲ್ಲ.

ಪರೀಕ್ಷೆ ಎಂಬುದು ಕೊಡಗಿನವರಿಗೆ ಹೊಸದಲ್ಲ. ಕಾಫಿ ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಸ್ವಲ್ಪ ಚೆರಿ ತೆಗೆದು, ಸಿಪ್ಪೆ ಬಿಡಿಸಿ ತೂಗಿ ‘ಔಟ್‌ಟರ್ನ್’ ಹೇಳುತ್ತಾನೆ. 50 ಕೆ.ಜಿ. ಚೀಲದಲ್ಲಿ ಬೀಜ ಎಷ್ಟು ಕೆ.ಜಿ. ಇಳಿಯುತ್ತದೆ ಎಂಬುದು ಆ ಸ್ವಲ್ಪದರಲ್ಲೇ ಗೊತ್ತಾಗುತ್ತದೆ. ಕಣದಲ್ಲಿ ಹರಡಿದ ಬೀಜವನ್ನು ಒಮ್ಮೆ ಕಚ್ಚಿ ನೋಡಿ, “ಹಸಿ ಉಂಟು, ಇನ್ನೊಂದು ಬಿಸಿಲು ಬೇಕು” ಎನ್ನುವ ಅಜ್ಜಿಯರಿದ್ದಾರೆ. ಆದರೆ ಅವರೆಲ್ಲ ತೂಗುವುದು ಇರುವುದನ್ನು. ವಾಲ್ವಿನದು ಉಲ್ಟಾ ವ್ಯವಹಾರ. ಅಲ್ಲಿ ಇಲ್ಲದ್ದನ್ನು ತೂಗಬೇಕು.

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನೊಳಗಿನ ಒಂದು ಸಣ್ಣ ಸಂಸಾರ. ನಡುವೆ ಕಾಯುವ ತಂತಿ, ಸುತ್ತ ತೆಳು ತಂತಿಯ ಬೇಲಿ, ಅದರಾಚೆ ಲೋಹದ ಗೋಡೆ. ತಂತಿಯೇ ಫಿಲಮೆಂಟ್, ಬೇಲಿ ಗ್ರಿಡ್, ಗೋಡೆ ಪ್ಲೇಟ್. 813ರಲ್ಲಿ ಗ್ರಿಡ್ಡಿನ ಆಚೆ ಸ್ಕ್ರೀನ್ ಎಂಬ ಇನ್ನೊಂದು ಬೇಲಿಯೂ ಉಂಟು. ಕಾದ ತಂತಿಯಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಎದುರು ಗೋಡೆಗೆ ಸಾವಿರ ವೋಲ್ಟಿನ ಧನ ವಿದ್ಯುತ್ತು ಕೊಟ್ಟರೆ ಅತ್ತ ಧಾವಿಸುತ್ತವೆ. ನಡುವಿನ ಬೇಲಿಗೆ ಋಣ ವಿದ್ಯುತ್ತು ಕೊಟ್ಟರೆ ತಡೆಯಲ್ಪಡುತ್ತವೆ. ಬೇಲಿ ಯಾರನ್ನೂ ಮುಟ್ಟುವುದಿಲ್ಲ, ಹಿಡಿಯುವುದಿಲ್ಲ. ಕಣ್ಸನ್ನೆ ಮಾಡುತ್ತದೆ, ಅಷ್ಟೆ. ಆ ಕಣ್ಸನ್ನೆಯಲ್ಲಿ ಎರಡು ವೋಲ್ಟಿನ ವ್ಯತ್ಯಾಸವಾದರೆ ಆಚೆಯ ಪ್ರವಾಹ ಏರಿಳಿಯುತ್ತದೆ. ದೊಡ್ಡದನ್ನು ಸಣ್ಣದು ಆಳುವ ಈ ಉಪಾಯವೇ ಇಪ್ಪತ್ತನೇ ಶತಮಾನದ ಮಾತು, ಹಾಡು, ಯುದ್ಧ ಎಲ್ಲವನ್ನೂ ಆಕಾಶಕ್ಕೆ ಏರಿಸಿದ್ದು. ಇಂಗ್ಲೆಂಡಿನ ಫ್ಲೆಮಿಂಗ್ 1904ರಲ್ಲಿ ಫಿಲಮೆಂಟ್ ಮತ್ತು ಪ್ಲೇಟನ್ನು ಇಟ್ಟು ಮೊದಲ ವಾಲ್ವ್ ಮಾಡಿದ. ಅಮೆರಿಕದ ಡಿ ಫಾರೆಸ್ಟ್ 1906ರ ಹೊತ್ತಿಗೆ ನಡುವೆ ಬೇಲಿ ಹಾಕುವ ದಾರಿ ಹಿಡಿದ. ಆಮೇಲಿನದೆಲ್ಲ ಆ ಬೇಲಿಯ ಕಥೆ.

ಕನ್ನಡದ ಕಿವಿಗೂ ಈ ಬರಿದಿನ ಋಣ ಉಂಟು. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆ ವಿಠಲ ವಿಹಾರದಲ್ಲಿ, ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಒಂದು ಪುಟ್ಟ ಬಾನುಲಿ ಕೇಂದ್ರ ತೆರೆದರು. ಅವರ ಮೊದಲ ಟ್ರಾನ್ಸ್‌ಮಿಟರಿನ ಶಕ್ತಿ ಮನೆಯ ಬಲ್ಬೊಂದು ತಿನ್ನುವಷ್ಟು. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯ ಕೇಂದ್ರದ್ದೇ. ಮುಂದೆ ಇಡೀ ದೇಶದ ಬಾನುಲಿ ಅದನ್ನು ತನ್ನದಾಗಿಸಿಕೊಂಡಿತು. ಆ ಆಕಾಶಕ್ಕೆ ವಾಣಿಯನ್ನು ಏರಿಸಿದ್ದು ಗಾಜಿನೊಳಗೆ ಹೊತ್ತಿದ್ದ ವಾಲ್ವುಗಳು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವುಗಳನ್ನೂ, 1967ರಲ್ಲಿ ಟ್ರಾನ್ಸ್‌ಮಿಟರಿನ ದೊಡ್ಡ ವಾಲ್ವುಗಳನ್ನೂ ತಯಾರಿಸತೊಡಗಿತು. ನಮ್ಮದೇ ನೆಲದಲ್ಲಿ, ಕಾರ್ಮಿಕರು ಪಾಳಿಯಲ್ಲಿ ನಿಂತು ಬರಿದನ್ನು ತುಂಬಿ ಮುಚ್ಚಿ ಲೇಬಲ್ ಹಚ್ಚಿ ಕಳಿಸುತ್ತಿದ್ದರು ಎಂದು ನೆನೆದರೆ ಇಂದಿಗೂ ನನಗೆ ಸೋಜಿಗವೇ.

813 ಅಮೆರಿಕದ ಕೂಸು. ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳಲ್ಲಿದ್ದ ಎಆರ್‌ಟಿ-13 ಟ್ರಾನ್ಸ್‌ಮಿಟರಿನ ಕೊನೆಯ ಹಂತದಲ್ಲಿ ಕೂತು ಕೂಗುತ್ತಿದ್ದದ್ದು ಇದೇ. ಯುದ್ಧ ಮುಗಿದ ಮೇಲೆ ಗುಜರಿಗೆ ಬಂತು. ಗುಜರಿಯಿಂದ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, ಮೇಜಿಗೆ ಬಂತು. ಫಿಲಮೆಂಟಿಗೆ 10 ವೋಲ್ಟ್, 5 ಆಂಪಿಯರ್ ಬೇಕು. ಪ್ಲೇಟಿಗೆ 2,000 ವೋಲ್ಟಿನವರೆಗೂ ಕೊಡಬಹುದು. ಪ್ಲೇಟ್ 100 ವಾಟ್ ಬಿಸಿಯನ್ನು ಸದಾ ತಾಳಿಕೊಳ್ಳುತ್ತದೆ. ರೇಡಿಯೊ ರಿಪೇರಿ ಅಂಗಡಿಯ ಟೆಸ್ಟರುಗಳು 250 ವೋಲ್ಟಿನ ಸಣ್ಣ ವಾಲ್ವುಗಳಿಗೆ ಮಾಡಿದವು. ಅವುಗಳ ಮುಂದೆ ಇದನ್ನು ಇಡುವುದೆಂದರೆ ಅಕ್ಕಸಾಲಿಗನ ತಕ್ಕಡಿಯಲ್ಲಿ ಕಾಫಿ ಚೀಲ ಇಟ್ಟಂತೆ.

*

ಸಾಮಾನು ಸೇರಿಸಲು ಎರಡು ವಾರ ಹಿಡಿಯಿತು. ವೋಲ್ಟೇಜನ್ನು ಕೈಯಿಂದ ತಿರುಗಿಸಿ ಏರಿಸುವ ಡಿಮ್ಮರ್‌ಸ್ಟಾಟ್ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಕ್ಕಿತು. ಫಿಲಮೆಂಟಿನ ಟ್ರಾನ್ಸ್‌ಫಾರ್ಮರಿಗೆ ಹಳೆ ಸ್ಟೆಬಿಲೈಸರಿನ ಕಬ್ಬಿಣಕ್ಕೆ ದಪ್ಪ ತಂತಿ ಸುತ್ತಿಸಿದೆ. ಡಯೋಡುಗಳನ್ನು ಸಾಲಾಗಿ ಪೋಣಿಸಿದೆ. ಒಂದೊಂದು ಸಾವಿರ ವೋಲ್ಟ್ ತಡೆಯುತ್ತದೆಂದು ಬರೆದಿದ್ದರೂ ನಂಬದೆ ಮೂರರ ಜಾಗಕ್ಕೆ ಆರು ಹಾಕಿದೆ. ಹೆಚ್ಚಿನ ವೋಲ್ಟೇಜಿಗಾಗಿ ಗುಜರಿಯಿಂದ ತಂದದ್ದು ಕೆಟ್ಟ ಮೈಕ್ರೋವೇವ್ ಒಲೆಯೊಂದರ ಟ್ರಾನ್ಸ್‌ಫಾರ್ಮರ್. ಅದನ್ನು ಬಿಚ್ಚುವಾಗ ನಗು ಬಂತು. ವಾಲ್ವಿನ ಕಾಲ ಮುಗಿಯಿತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮೈಕ್ರೋವೇವ್ ಒಲೆಯೊಳಗಿನ ಮ್ಯಾಗ್ನೆಟ್ರಾನ್ ಕೂಡ ನಿರ್ವಾತದ ವಾಲ್ವೇ. 1940ರಲ್ಲಿ ಬರ್ಮಿಂಗ್‌ಹ್ಯಾಮಿನ ರ‍್ಯಾಂಡಲ್ ಮತ್ತು ಬೂಟ್ ರಾಡಾರಿಗಾಗಿ ಕಟ್ಟಿದ್ದರ ಸಂತಾನ. ನಿನ್ನೆಯ ಅನ್ನ ಬಿಸಿ ಮಾಡುವ ಎಷ್ಟೋ ಅಡುಗೆಮನೆಗಳಲ್ಲಿ ಇವತ್ತಿಗೂ ಒಂದು ಟ್ರಾನ್ಸ್‌ಮಿಟರ್ ವಾಲ್ವ್ ಉರಿಯುತ್ತಿದೆ, ಮನೆಯವರಿಗೆ ಗೊತ್ತಿಲ್ಲ.

ಆ ಟ್ರಾನ್ಸ್‌ಫಾರ್ಮರ್ ತಮಾಷೆಯ ವಸ್ತುವಲ್ಲ. ಎರಡು ಸಾವಿರ ವೋಲ್ಟ್, ಮನುಷ್ಯನನ್ನು ಒಂದೇ ಸಲಕ್ಕೆ ಮುಗಿಸುವಷ್ಟು ಕರೆಂಟು. ಆದ್ದರಿಂದ ಅದರ ಮುಂದೆ ನಮ್ಮೂರ ಎಲೆಕ್ಟ್ರಿಷಿಯನ್ನರ ಹಳೆಯ ಉಪಾಯವಾದ ಸೀರೀಸ್ ಲ್ಯಾಂಪ್ ಹಾಕಿದೆ. ಒಳಗೆ ಎಲ್ಲಾದರೂ ಶಾರ್ಟ್ ಆದರೆ ಬಲ್ಬು ಉರಿದು ತಾನೇ ಭಾರ ಹೊತ್ತುಕೊಳ್ಳುತ್ತದೆ. ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತನ್ನು ಮೆಲ್ಲಗೆ ಇಳಿಸಲು ಅದರ ಮೇಲೆ ಬ್ಲೀಡರ್ ರೆಸಿಸ್ಟರ್ ಕೂರಿಸಿದೆ. ಬಿದಿರಿನ ಕೋಲಿನ ತುದಿಗೆ ತಾಮ್ರದ ಕೊಕ್ಕೆ ಕಟ್ಟಿ ಅರ್ತಿಂಗಿಗೆ ಜೋಡಿಸಿದೆ. ಒಳಗೆ ಕೈ ಹಾಕುವ ಮುನ್ನ ಆ ಕೋಲು ಮೊದಲು ಹೋಗಬೇಕು. ಕರೆಂಟು ಇರುವಾಗ ಎಡಗೈ ಜೇಬಿನಲ್ಲಿರಬೇಕು. ಒಂದು ಕೈಯಿಂದ ಇನ್ನೊಂದು ಕೈಗೆ ಹರಿಯುವ ಕರೆಂಟು ಹೃದಯದ ದಾರಿ ಹಿಡಿಯುತ್ತದೆ. ಈ ನಿಯಮಗಳನ್ನು ಪಾಲಿಸುತ್ತಾ ಪಾಲಿಸುತ್ತಾ ನನಗೆ ದೇವರ ಕೋಣೆಯ ಮಡಿ ನೆನಪಾಯಿತು. ಬೆರಗು ಹುಟ್ಟುವ ಜಾಗದಲ್ಲೆಲ್ಲ ಸ್ವಲ್ಪ ಭಯವೂ ಇರುತ್ತದೆ. ಕೈ ಎಲ್ಲಿಡಬೇಕು, ಎಲ್ಲಿಡಬಾರದು ಎಂಬ ಲೆಕ್ಕ ಅಲ್ಲಿ ತಾನಾಗಿ ಬರುತ್ತದೆ.

ಪೆಟ್ಟಿಗೆಗೆ ಮೊದಲ ಬಾರಿ ಕರೆಂಟು ಕೊಟ್ಟ ದಿನ ಸಾಕೆಟ್ಟಿನಲ್ಲಿ ವಾಲ್ವೇ ಇರಲಿಲ್ಲ. ಮೀಟರಿನ ಸೂಜಿ ಮಾತ್ರ ಅಲುಗಿತು. ಬರಿ ಸಾಕೆಟ್ಟಿನಲ್ಲಿ ಕರೆಂಟು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ? ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ತಪ್ಪು ಮಳೆಯದು. ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು ಎಲ್ಲಕ್ಕೂ ಬೂಷ್ಟು ಹಿಡಿಯುವ ಈ ತಿಂಗಳಲ್ಲಿ ಪೆಟ್ಟಿಗೆಯ ಪ್ಲೈವುಡ್ ಹಲಗೆಯೂ ನೀರು ಕುಡಿದು ಕೂತಿತ್ತು. ಸಾವಿರ ವೋಲ್ಟಿಗೆ ಆ ತೇವವೇ ಒಂದು ದಾರಿ. ಹಲಗೆಯನ್ನು ಬಿಚ್ಚಿ ಒಲೆಯ ಮೇಲಿನ ಅಟ್ಟದಲ್ಲಿ ಒಂದು ವಾರ ಒಣಗಿಸಿದೆ. ಸಾಕೆಟ್ಟಿನ ಸುತ್ತಲ ಜಾಗಕ್ಕೆ ಬೇಕಲೈಟ್ ಹಾಳೆ ಹಾಕಿದೆ. ಸೂಜಿ ಸೊನ್ನೆಗೆ ಬಂತು. ಬೇರೆಯವರನ್ನು ತೂಗುವ ಮುಂಚೆ ತಕ್ಕಡಿಯ ಮೈಯನ್ನೇ ಒಣಗಿಸಿಕೊಳ್ಳಬೇಕು ಎಂಬುದು ಅಲ್ಲಿ ಸಿಕ್ಕ ಮೊದಲ ಪಾಠ.

ಎರಡನೆಯದು ಇನ್ನೂ ವಿಚಿತ್ರ. ಗೊತ್ತಿರುವ, ಚೆನ್ನಾಗಿರುವ ಒಂದು ವಾಲ್ವನ್ನು ಕೂರಿಸಿ ಸ್ಕ್ರೀನಿಗೆ ವೋಲ್ಟೇಜ್ ಕೊಟ್ಟೊಡನೆ ಸೂಜಿ ಎತ್ತರಕ್ಕೆ ನೆಗೆಯಿತು. ನನ್ನ ಕೈ ಹತ್ತಿರ ಹೋದರೆ ಇಳಿಯಿತು, ದೂರ ಸರಿದರೆ ಏರಿತು. ಅದೇ ಹೊತ್ತಿಗೆ ಅಡುಗೆಮನೆಯಿಂದ ಕೂಗು ಬಂತು: “ರೇಡಿಯೊ ಯಾಕೆ ನಿಂತುಹೋಯ್ತು?” ಮಡಿಕೇರಿ ಆಕಾಶವಾಣಿಯ 103.1 ಮೆಗಾಹರ್ಟ್ಸ್ ಮೂಕವಾಗಿತ್ತು. ನಾನು ಸ್ವಿಚ್ ಆರಿಸಿದರೆ ಹಾಡು ಬರುತ್ತದೆ, ಹಾಕಿದರೆ ನಿಲ್ಲುತ್ತದೆ. ಪರೀಕ್ಷೆಗೆ ಕೂರಿಸಿದ ವಾಲ್ವ್ ತಾನೇ ಟ್ರಾನ್ಸ್‌ಮಿಟರ್ ಆಗಿ ಕೂಗತೊಡಗಿತ್ತು. ಪೆಟ್ಟಿಗೆಯೊಳಗಿನ ಅರ್ಧ ಅಡಿ ತಂತಿಯೇ ಅದಕ್ಕೆ ಸಾಕಾಯಿತು. ಬೈಗುಳ ತಿಂದು, ಗ್ರಿಡ್ಡಿನ ಕಾಲಿಗೆ ಸಣ್ಣ ರೆಸಿಸ್ಟರ್, ತಂತಿಗಳಿಗೆ ಫೆರೈಟ್ ಮಣಿ ಪೋಣಿಸಿದ ಮೇಲೆ ಸುಮ್ಮನಾಯಿತು. ಆದರೆ ಆ ಸಂಜೆಯ ಬೆರಗು ಇಳಿಯಲಿಲ್ಲ. ಕೂಗಲೆಂದೇ ಹುಟ್ಟಿದ್ದಕ್ಕೆ ಸುಮ್ಮನೆ ಕೂತು ಲೆಕ್ಕ ಒಪ್ಪಿಸು ಎಂದರೆ ಅದು ಹೇಗೆ ಒಪ್ಪೀತು?

*

ಇನ್ನು ಮಾವನ ವಾಲ್ವಿನ ಸರದಿ. ದೀಪ ಆರಿಸಿ ಕತ್ತಲು ಮಾಡಿಕೊಂಡೆ. ಡಿಮ್ಮರ್‌ಸ್ಟಾಟನ್ನು ನಿಧಾನ ತಿರುಗಿಸಿದೆ. ತಣ್ಣಗಿನ ಟಂಗ್‌ಸ್ಟನ್ ತಂತಿಯ ತಡೆ ಬಹಳ ಕಡಿಮೆ, ಒಮ್ಮೆಲೇ ಹತ್ತು ವೋಲ್ಟ್ ಕೊಟ್ಟರೆ ಕರೆಂಟು ನುಗ್ಗಿ ತಂತಿಗೆ ಪೆಟ್ಟಾಗುತ್ತದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಮಂಕು ಕೆಂಪು, ಆಮೇಲೆ ಕಿತ್ತಳೆ, ಕೊನೆಗೆ ಹಳದಿಗೆ ಹತ್ತಿರದ ಬೆಳಕು ಗಾಜಿನ ತುಂಬಾ. ಗೋಡೆಯ ಮೇಲೆ ಬೇಲಿಯ ನೆರಳು ಬಿತ್ತು.

ಈ ಬೆಳಕಿನ ಗುಟ್ಟು ಘಟ್ಟದ ಆಚೆಗಿನದು. ತಂತಿಯ ಟಂಗ್‌ಸ್ಟನ್ನಿನಲ್ಲಿ ನೂರಕ್ಕೆ ಒಂದೆರಡು ಪಾಲು ಥೋರಿಯಂ ಆಕ್ಸೈಡ್ ಬೆರೆಸಿರುತ್ತಾರೆ. ಕಾದಾಗ ಒಳಗಿನಿಂದ ಥೋರಿಯಂ ಮೇಲೆದ್ದು ಬಂದು ತಂತಿಯ ಮೈಮೇಲೆ ಒಂದೇ ಪರಮಾಣು ದಪ್ಪದ ಹೊದಿಕೆಯಾಗುತ್ತದೆ. ಎಲೆಕ್ಟ್ರಾನುಗಳನ್ನು ಧಾರಾಳವಾಗಿ ಹೊರಬಿಡುವುದು ಆ ಹೊದಿಕೆ. ಅದು ಸವೆದಂತೆ ಒಳಗಿನಿಂದ ಮತ್ತೆ ಬರಬೇಕು. ಥೋರಿಯಂ ಸಿಗುವುದು ಮೊನಜೈಟ್ ಮರಳಿನಲ್ಲಿ. ಆ ಮರಳಿಗೆ ಕೇರಳದ ಕರಾವಳಿ ಜಗತ್ತಿನಲ್ಲೇ ಹೆಸರಾದದ್ದು. ಮದುವೆ ಮನೆಯ ಚಪ್ಪರದಲ್ಲಿ ಭುಸ್ಸೆನ್ನುತ್ತಿದ್ದ ಪೆಟ್ರೋಮ್ಯಾಕ್ಸಿನ ಮ್ಯಾಂಟಲ್ ಬೆಳ್ಳಗೆ ಉರಿಯುತ್ತಿದ್ದುದೂ ಇದೇ ಥೋರಿಯಂ ಆಕ್ಸೈಡಿನಿಂದ. ಬಾಲ್ಯದಲ್ಲಿ ಯಾವ ಬೆಳಕಿನಡಿ ಬಾಳೆಲೆಯ ಮುಂದೆ ಕೂತಿದ್ದೆನೋ ಅದರ ಅಣ್ಣನೋ ತಮ್ಮನೋ ಈಗ ಗಾಜಿನೊಳಗೆ ಉರಿಯುತ್ತಿದ್ದ.

ಆದರೆ ಹೊತ್ತಿದ ಮಾತ್ರಕ್ಕೆ ಜೀವವಿದೆ ಎನ್ನಲಾಗದು. ಹೊದಿಕೆ ಪೂರ್ತಿ ಹೋಗಿದ್ದರೂ ತಂತಿ ಹೀಗೆಯೇ ಚೆಂದವಾಗಿ ಬೆಳಗುತ್ತದೆ. ಬೆಳಕು ಇದ್ದು ಕೊಡುವುದೇನೂ ಇಲ್ಲದ ಸ್ಥಿತಿ ಅದು. ಅದಕ್ಕೇ ಕೇಳಿ ನೋಡಬೇಕು. ಗ್ರಿಡ್ಡಿಗೆ ಸಾಕಷ್ಟು ಋಣ ವೋಲ್ಟೇಜ್ ಕೊಟ್ಟು ಬಾಗಿಲು ಪೂರ್ತಿ ಮುಚ್ಚಿದೆ. ಪ್ಲೇಟಿಗೆ ಸಾವಿರ ವೋಲ್ಟ್ ಏರಿಸಿದೆ. ಬಾಗಿಲನ್ನು ಎಳ್ಳಷ್ಟು ಎಳ್ಳಷ್ಟೇ ತೆರೆಯುತ್ತಾ ಬಂದೆ. ಪ್ಲೇಟಿನ ಕರೆಂಟು 50 ಮಿಲಿಆಂಪಿಯರ್ ಆಗುವವರೆಗೆ ತೆರೆದು ಅಲ್ಲಿ ನಿಲ್ಲಿಸಬೇಕು. ಆಮೇಲೆ ಗ್ರಿಡ್ಡನ್ನು ಎರಡೇ ವೋಲ್ಟ್ ಅಲುಗಿಸಿ, ಸೂಜಿ ಎಷ್ಟು ಸರಿಯಿತೆಂದು ಓದಬೇಕು. ಹೊಸ 813 ಒಂದು ವೋಲ್ಟಿಗೆ 3.75 ಮಿಲಿಆಂಪಿಯರ್ ಉತ್ತರ ಕೊಡುತ್ತದೆ ಎಂದು ಕಂಪನಿಯ ಕೈಪಿಡಿ ಹೇಳುತ್ತದೆ. ಎರಡಕ್ಕೆ ಏಳೂವರೆ ಬರಬೇಕು.

ಪರೀಕ್ಷೆಯ ಸೊಗಸೆಲ್ಲ ಈ ಅಲುಗಾಟದಲ್ಲಿದೆ. ವಾಲ್ವಿನ ಪೂರ್ಣ ಶಕ್ತಿಯನ್ನು ನಾನು ಕೇಳುತ್ತಿಲ್ಲ, ಕೇಳಿದರೆ ಒದಗಿಸಲು ನನ್ನ ಪೆಟ್ಟಿಗೆಗೆ ತಾಕತ್ತಿಲ್ಲ. ಒಂದಿಷ್ಟೇ ತಟ್ಟಿ, ಎಷ್ಟು ಓಗೊಟ್ಟಿತು ಎಂದು ನೋಡುವುದು. ಹಲಸಿನ ಹಣ್ಣನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುವವರ ವಿದ್ಯೆಯೂ ಇದೇ.

ಸೂಜಿಯನ್ನು ಕಾಯುತ್ತಾ ಕೂತಾಗ ಲೆಕ್ಕ ಹಾಕಿದ್ದೆ. ಐವತ್ತು ಮಿಲಿಆಂಪಿಯರ್ ಎಂದರೆ ಪ್ರತಿ ಸೆಕೆಂಡಿಗೆ ಸುಮಾರು 3,100 ಕೋಟಿ ಕೋಟಿ ಎಲೆಕ್ಟ್ರಾನುಗಳು ಆ ಬರಿದನ್ನು ದಾಟುತ್ತವೆ. ಸಾವಿರ ವೋಲ್ಟಿನ ಸೆಳೆತಕ್ಕೆ ಸಿಕ್ಕಿದವು ಗೋಡೆ ಮುಟ್ಟುವಾಗ ಸೆಕೆಂಡಿಗೆ 18,000 ಕಿ.ಮೀ.ಗೂ ಹೆಚ್ಚು ವೇಗದಲ್ಲಿರುತ್ತವೆ. ಅದೇ ವೇಗದಲ್ಲಿ ಒಂದು ಸೆಕೆಂಡ್ ಓಡಿದರೆ ಭೂಮಿಯ ಹೆಚ್ಚುಕಡಿಮೆ ಅರ್ಧ ಸುತ್ತು. ಅಷ್ಟು ಜನಸಂದಣಿಯ ಅಷ್ಟು ಧಾವಂತ, ಒಂದಿಷ್ಟೂ ಸದ್ದಿಲ್ಲ. ಹೊರಗೆ ಮಳೆ, ಒಳಗೆ ಒಂದು ಸೂಜಿ. ತುಲಾ ಸಂಕ್ರಮಣದಂದು ತಲಕಾವೇರಿಯ ಕುಂಡಿಕೆಯ ಮುಂದೆ ತೀರ್ಥೋದ್ಭವಕ್ಕೆ ಕಾಯುತ್ತಾ ನಿಂತವರ ಕಣ್ಣು ನೀರಿನ ಮೇಲೆ ಹೇಗೆ ನೆಟ್ಟಿರುತ್ತದೋ ಹಾಗೆ ನಾನು ಆ ಸೂಜಿಯನ್ನು ನೋಡುತ್ತಿದ್ದೆ.

ಸೂಜಿ ಮೂರು ಮಿಲಿಆಂಪಿಯರ್ ಸರಿಯಿತು. ಏಳೂವರೆ ಬರಬೇಕಾದಲ್ಲಿ ಮೂರು. ಅದೂ ನಿಂತಲ್ಲಿ ನಿಲ್ಲದೆ ತೇಲಾಡಿತು. ಕಣ್ಣು ಹತ್ತಿರ ತಂದು ನೋಡಿದೆ. ಪ್ಲೇಟಿನ ಒಳಸಂದಿಯಲ್ಲಿ ತೆಳುವಾದ ನೇರಳೆ ಮಂಜು. ಗಾಜಿನ ಒಳಮೈಗೆ ಅಂಟಿದ ನೀಲಿ ಹೊಳಪಾಗಿದ್ದರೆ ಚಿಂತೆಯಿರಲಿಲ್ಲ, ಅದು ಗಾಜಿಗೆ ಎಲೆಕ್ಟ್ರಾನು ಬಡಿದು ಮೂಡುವ ಬಣ್ಣ. ಸಂದಿಯಲ್ಲಿ ಮೂಡಿದ ನೇರಳೆ ಬೇರೆ ಸುದ್ದಿ ಹೇಳುತ್ತದೆ. ಒಳಗೆ ಅನಿಲ ಸೇರಿದೆ, ಬರಿದು ಕೆಟ್ಟಿದೆ.

ಗಾಜು ಒಡೆದಿಲ್ಲ, ಬೆಸುಗೆ ಬಿಟ್ಟಿಲ್ಲ. ಮತ್ತೆ ಅನಿಲ ಎಲ್ಲಿಂದ ಬಂತು? ಸ್ವಲ್ಪ, ತಂತಿ ಗಾಜನ್ನು ತೂರಿ ಹೊರಬರುವ ಸಂದಿನಲ್ಲಿ ವರ್ಷಗಟ್ಟಲೆ ನುಸುಳಿರಬಹುದು. ಆದರೆ ಬಹುಪಾಲು ಒಳಗಿನದೇ. ಲೋಹಗಳು ತಮ್ಮ ಮೈಯಲ್ಲಿ ಹಿಡಿದಿಟ್ಟುಕೊಂಡಿದ್ದ ಅನಿಲವನ್ನು ಇದ್ದಲ್ಲೇ ಇದ್ದು ಮೆಲ್ಲಗೆ ಬಿಟ್ಟುಕೊಡುತ್ತವೆ. ಕಾರ್ಖಾನೆಯಿಂದ ಹೊರಡುವಾಗಲೂ ವಾಲ್ವ್ ನಿಜಕ್ಕೂ ಬರಿದಾಗಿರುವುದಿಲ್ಲ. ಗಾಳಿಯನ್ನು ನೂರು ಕೋಟಿಯಲ್ಲೊಂದು ಪಾಲಿಗೆ ಇಳಿಸಿದರೂ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು 2,500 ಕೋಟಿ ಅಣುಗಳು ಉಳಿದೇ ಇರುತ್ತವೆ. ಎಲೆಕ್ಟ್ರಾನು ಯಾರನ್ನೂ ಢಿಕ್ಕಿ ಹೊಡೆಯದೆ ದಾಟಲು ಅಷ್ಟು ಬಯಲು ಸಾಕು. ಅದನ್ನೇ ನಾವು ನಿರ್ವಾತ ಎನ್ನುತ್ತೇವೆ. ಕನ್ನಡದಲ್ಲಿ ಶೂನ್ಯವನ್ನು ಸಂಪಾದಿಸಬೇಕು ಎಂದವರಿದ್ದಾರೆ, ‘ಶೂನ್ಯಸಂಪಾದನೆ’ ಎಂಬ ಹೆಸರಿನ ಗ್ರಂಥವೇ ಇದೆ. ಇಲ್ಲದ್ದನ್ನು ಸಂಪಾದಿಸುವುದು ಹೇಗೆ ಎಂದು ಆ ಹೆಸರು ನನ್ನನ್ನು ಬಹಳ ಕಾಲ ಕಾಡಿತ್ತು. ಆ ರಾತ್ರಿ ಅದರ ಒಂದು ಮಗ್ಗುಲು ಅರ್ಥವಾಯಿತು ಅನ್ನಿಸಿತು. ಬರಿದು ಒಮ್ಮೆ ಸಿಕ್ಕರೆ ಸಿಕ್ಕಿತು ಎಂಬಂಥ ಆಸ್ತಿಯಲ್ಲ. ಸುಮ್ಮನಿಟ್ಟರೆ ತಾನಾಗಿ ತುಂಬಿಕೊಳ್ಳುತ್ತದೆ.

ಉಪಾಯವೂ ಅದರಲ್ಲೇ ಇದೆ. ದೊಡ್ಡ ವಾಲ್ವುಗಳನ್ನು ಕಟ್ಟುವವರು ಒಳಗೆ ಅನಿಲವನ್ನು ಹೀರುವ ಲೋಹವನ್ನೂ ಇಟ್ಟಿರುತ್ತಾರೆ. ಕೆಲವು ಗಾಜಿನ ವಾಲ್ವುಗಳಲ್ಲಿ ಪ್ಲೇಟಿನ ಮೈಗೇ ಜಿರ್ಕೋನಿಯಂ ಬಳಿದಿರುತ್ತದೆ. ಆದರೆ ಅದು ತಣ್ಣಗಿರುವಾಗ ಕೆಲಸ ಮಾಡುವುದಿಲ್ಲ. ಚೆನ್ನಾಗಿ ಕಾದಾಗ ಮಾತ್ರ ಸುತ್ತಲ ಅನಿಲವನ್ನು ಹೀರಿ ಕಟ್ಟಿಹಾಕುತ್ತದೆ. ಹಾಗಾಗಿ ವರ್ಷಗಟ್ಟಲೆ ಹತ್ತಿಯಲ್ಲಿ ಸುತ್ತಿಟ್ಟ ವಾಲ್ವಿಗಿಂತ ದಿನವೂ ಉರಿದ ವಾಲ್ವಿನೊಳಗೆ ಬಯಲು ಹೆಚ್ಚು. ಜೋಪಾನವೇ ಕೆಡಿಸಿದ್ದನ್ನು ದುಡಿಮೆ ಸರಿಮಾಡುತ್ತದೆ. ಹಳೆ ಹ್ಯಾಮ್‌ಗಳು ಅದಕ್ಕೇ ಹೇಳುತ್ತಾರೆ: ಅನಿಲ ಹಿಡಿದ ವಾಲ್ವಿಗೆ ಪ್ಲೇಟಿನ ವೋಲ್ಟೇಜ್ ಕೊಡದೆ ಬರೀ ಫಿಲಮೆಂಟ್ ಹಚ್ಚಿ ಒಂದೆರಡು ದಿನ ಬಿಡು. ಬದುಕಬಹುದು, ಬದುಕದೆಯೂ ಇರಬಹುದು.

ಹಚ್ಚಿಟ್ಟೆ. ಮೊದಲ ರಾತ್ರಿ ಎರಡು ಸಲ ಕರೆಂಟು ಹೋಯಿತು. ಪ್ರತಿ ಸಲವೂ ಎದ್ದು, ಡಿಮ್ಮರ್‌ಸ್ಟಾಟನ್ನು ಸೊನ್ನೆಗೆ ತಂದು, ಕರೆಂಟು ಬಂದ ಮೇಲೆ ಮತ್ತೆ ಮೆಲ್ಲಗೆ ಏರಿಸಿದೆ. ಮಳೆಯ ಕತ್ತಲಲ್ಲಿ ಮನೆಗೆಲ್ಲ ಅದೊಂದೇ ಬೆಳಕು. ಆ ಬೆಳಕಿನಲ್ಲಿ ಕೂತಾಗ ನನ್ನೊಳಗಿನ ಗಾಜಿನ ಬಗ್ಗೆಯೂ ಯೋಚನೆ ಹೋಯಿತು.

ಚಿಕ್ಕವನಿದ್ದಾಗ ವಾಲ್ವ್ ರೇಡಿಯೊದ ಹಿಂಬದಿಯ ತೂತುಗಳಿಂದ ಇಣುಕುತ್ತಿದ್ದೆ. ಒಳಗೆ ಪುಟ್ಟ ಪುಟ್ಟ ದೀಪ, ಬಿಸಿಯಾದ ಧೂಳಿನ ವಾಸನೆ. ಅಲ್ಲೊಂದು ಊರಿದೆ, ಊರಿನವರು ಹಾಡುತ್ತಾರೆ ಎಂದು ನಂಬಿದ್ದೆ. ದೊಡ್ಡವನಾಗುತ್ತಾ ಎಲೆಕ್ಟ್ರಾನಿನ ವಿಷಯ ಓದಿದೆ, ಊರು ಇಲ್ಲ ಎಂದು ತಿಳಿಯಿತು. ತಿಳಿದದ್ದರಿಂದ ಬೆರಗು ಹೋಯಿತು ಎಂದು ಎಷ್ಟೋ ಜನ ಹೇಳುತ್ತಾರೆ. ನನ್ನ ಅನುಭವ ಹಾಗಲ್ಲ. 3,100 ಕೋಟಿ ಕೋಟಿಯ ಲೆಕ್ಕ ಆ ಹಾಡುವ ಊರಿಗಿಂತ ದೊಡ್ಡ ಊರನ್ನೇ ತೋರಿಸಿತು. ಬೆರಗನ್ನು ಕೆಡಿಸಿದ್ದು ‘ಗೊತ್ತಿದೆ ಬಿಡು’ ಎಂಬ ಮಾತು. ಅದು ಹೊರಗಿನಿಂದ ಬರುವುದಿಲ್ಲ. ವಾಲ್ವಿನ ಲೋಹದಂತೆ ನಾವೇ ಒಳಗಿನಿಂದ ಬಿಟ್ಟುಕೊಳ್ಳುವ ಅನಿಲ. ದಿನವೂ ನೋಡುವ ಬೆಟ್ಟ ಗೊತ್ತಿದೆ ಬಿಡು. ದಿನವೂ ಕಾಣುವ ಮನುಷ್ಯ ಗೊತ್ತಿದೆ ಬಿಡು. ಕಣ್ಣು ಬೆಳಗುತ್ತಲೇ ಇರುತ್ತದೆ, ಒಳಗೆ ಏನೂ ದಾಟುವುದಿಲ್ಲ. ಮಗುವಿನಲ್ಲಿ ತಾನಾಗಿ ಇದ್ದ ಬಯಲನ್ನು ದೊಡ್ಡವರು ಕಾಯಿಸಿ ಕಾಯಿಸಿ ಉಳಿಸಿಕೊಳ್ಳಬೇಕು. ಅದಕ್ಕೆ ನನ್ನಂಥವನಿಗೆ ಒಂದು ಪೆಟ್ಟಿಗೆ ಬೇಕಾಯಿತು, ಇನ್ನೊಬ್ಬರಿಗೆ ವೀಣೆಯೋ ಕುಂಬಾರಿಕೆಯೋ ಬೇಕಾಗಬಹುದು.

ಈ ಪೆಟ್ಟಿಗೆಯಿಂದ ಲೋಕಕ್ಕೆ ಏನು ಉಪಯೋಗ ಎಂದು ಕೇಳಿದರೆ ನನ್ನಲ್ಲಿ ದೊಡ್ಡ ಉತ್ತರವಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟವೇ ಇಳಿದು ಬಂದಾಗ ರಸ್ತೆ, ಕರೆಂಟು, ಫೋನು ಎಲ್ಲವೂ ಒಟ್ಟಿಗೆ ಹೋದವು. ಬೆಟ್ಟದ ಸಂದಿನ ಊರಿಂದ ಮಾತು ಹೊರಹೋಗಬೇಕಾದರೆ ಮೇಲಕ್ಕೇ ಹೋಗಿ ಆಕಾಶಕ್ಕೆ ತಾಗಿ ಇಳಿಯಬೇಕು. ಶಾರ್ಟ್‌ವೇವಿಗೆ ಆ ದಾರಿ ಗೊತ್ತು, ಎರಡು ಸಿಲ್ವರ್ ಓಕ್ ಮರಗಳ ನಡುವೆ ಅರವತ್ತಾರು ಅಡಿ ತಂತಿ ಕಟ್ಟಿದರೆ ಆಯಿತು. ಆದರೆ ಅಂಥ ದಿನ ನೆರವಾಗುವುದು ಕಾರಿನ ಬ್ಯಾಟರಿಯಲ್ಲಿ ನಡೆಯುವ ಟ್ರಾನ್ಸಿಸ್ಟರಿನ ಸಣ್ಣ ಸೆಟ್ಟು. ಎರಡು ಸಾವಿರ ವೋಲ್ಟ್ ಬೇಡುವ 813 ಅಲ್ಲ. ಉಪಯೋಗದ ಹೆಸರಿನಲ್ಲಿ ಇದನ್ನು ಸಮರ್ಥಿಸುವುದು ಸುಳ್ಳಾಗುತ್ತದೆ.

ಮೂರನೆಯ ರಾತ್ರಿ ಮಾವನನ್ನೂ ಕರೆದೆ. ಗ್ರಿಡ್ಡಿಗೆ ಋಣ ವೋಲ್ಟೇಜ್ ಕೊಟ್ಟು, ಪ್ಲೇಟಿಗೆ ಮುನ್ನೂರು, ಆರುನೂರು, ಸಾವಿರ ವೋಲ್ಟ್ ಎಂದು ಹಂತ ಹಂತವಾಗಿ ಏರಿಸಿದೆ. ಬಾಗಿಲನ್ನು ತುಸುವೇ ತೆರೆದಾಗ ನೇರಳೆ ಮಂಜು ಒಂದು ಕ್ಷಣ ಕಾಣಿಸಿದಂತಾಗಿ ಕರಗಿತು. 50 ಮಿಲಿಆಂಪಿಯರಿಗೆ ತಂದು ನಿಲ್ಲಿಸಿದೆ. ಸೂಜಿ ತೇಲಾಡಲಿಲ್ಲ. ಎರಡು ವೋಲ್ಟ್ ಅಲುಗಿಸಿದೆ. ಆರೂವರೆ. ಫಿಲಮೆಂಟನ್ನು ಹತ್ತರಿಂದ ಒಂಬತ್ತು ವೋಲ್ಟಿಗೆ ಇಳಿಸಿದೆ. ತಂತಿ ಸೋತಿದ್ದರೆ ಪ್ಲೇಟಿನ ಕರೆಂಟು ಇಲ್ಲಿ ಕುಸಿಯಬೇಕು. ಐವತ್ತರಿಂದ ನಲವತ್ತೇಳಕ್ಕೆ ಇಳಿದು ಅಲ್ಲೇ ನಿಂತಿತು.

“ಉಂಟಾ?” ಎಂದರು ಮಾವ.

“ಉಂಟು ಮಾವ. ಹೊಸದರಷ್ಟಿಲ್ಲ. ಆದರೆ ಉಂಟು.”

ಅವರು ಬಹಳ ಹೊತ್ತು ಆ ಬೆಳಕನ್ನೇ ನೋಡುತ್ತಾ ಕೂತರು. ಏನು ನೆನೆಯುತ್ತಿದ್ದರೋ ನಾನು ಕೇಳಲಿಲ್ಲ. ಎದ್ದು ಕೊಡೆ ತೆಗೆದುಕೊಳ್ಳುವಾಗ, “ಹಾಗಾದ್ರೆ ಅಟ್ಟದಲ್ಲಿ ಇನ್ನೂ ಎರಡು ಉಂಟು, ನಾಳೆ ತಂದು ಕೊಡ್ತೇನೆ” ಎಂದರು.

ಸೆಪ್ಟೆಂಬರಿನಲ್ಲಿ ಆಯುಧಗಳ ಹಬ್ಬ ಕೈಲ್‌ಪೊಳ್ದ್ ಬಂತು. ಮಾವನ ಮನೆಯಲ್ಲಿ ಕೋವಿ, ಒಡಿಕತ್ತಿಗಳನ್ನು ಒರೆಸಿ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆಗಿಟ್ಟಿದ್ದರು. ಪಕ್ಕದಲ್ಲಿ ಆ ಬಿಸ್ಕತ್ತಿನ ಡಬ್ಬವೂ ಇತ್ತು, ಮುಚ್ಚಳ ತೆಗೆದು.

ನಿಮ್ಮ ಮನೆಯ ಅಟ್ಟದಲ್ಲೂ ಅಜ್ಜನ ಕಾಲದ ಇಂಥ ಗಾಜು ಇದ್ದೀತು. ಗುಜರಿಯವನ ಚೀಲಕ್ಕೆ ಹಾಕುವ ಮುನ್ನ, ಹಚ್ಚಿ ನೋಡಬಲ್ಲವರೊಬ್ಬರ ಕೈಗೆ ಕೊಡಿ. ನೀವೇ ಪೆಟ್ಟಿಗೆ ಕಟ್ಟಲು ಹೊರಟರೆ ಗೊತ್ತಿರುವವರನ್ನು ಜೊತೆಗಿಟ್ಟುಕೊಳ್ಳಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಸಾವಿರ ವೋಲ್ಟ್ ಉಳಿದಿರುತ್ತದೆ. ಸೂಜಿ ಸೊನ್ನೆಗೆ ಇಳಿದು, ಅರ್ತಿಂಗಿನ ಕೋಲು ಮುಟ್ಟಿಸಿದ ಮೇಲೆ ಕೈ ಹಾಕಿ.